ಬಕೆಟ್ಟಿನ ತಳದ ಸಕ್ಕರೆ

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಅರುಂಧತಿ ಬಟ್ಟೆ ಹರವಲೆಂದು ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ನೀಲಿ ಬಕೆಟ್ಟೊಂದು ಕೂತಿತ್ತು. ಅದರ ತುಂಬ ಫಿಜೋವಾ ಹಣ್ಣು. ವೆಲ್ಲಿಂಗ್ಟನ್ ಹತ್ತಿರದ ಅಪ್ಪರ್ ಹಟ್ಟಿನಲ್ಲಿ ಏಪ್ರಿಲ್ ಹೊತ್ತಿಗೆ ಎಲೆ ಉದುರುವ ಕಾಲ ಬಂತೆಂದರೆ ಮೊಟ್ಟೆಯ ಹಾಗಿರುವ ಈ ಹಸಿರು ಹಣ್ಣನ್ನು ಕೇಳುವವರೇ ಇರುವುದಿಲ್ಲ. ಹಿತ್ತಿಲಲ್ಲಿ ಮರವಿದ್ದವರು ತಿಂದು, ಜಾಮ್ ಕಾಸಿ, ಆಫೀಸಿನಲ್ಲಿ ಹಂಚಿ, ಆದರೂ ಮುಗಿಯದೆ ಸಿಕ್ಕಸಿಕ್ಕವರ ಬಾಗಿಲಲ್ಲಿ ಸುರಿದು ಹೋಗುತ್ತಾರೆ. ಪಕ್ಕದ ಮನೆಯ ಗ್ಲೆನಿಸ್‌ಗೆ ಅಂಥದೊಂದು ಮರವಿತ್ತು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದ, ಸರ್ಕಾರದ ಪಿಂಚಣಿಯಲ್ಲಿ ದಿನ ದೂಡುತ್ತಿದ್ದ ಮುದುಕಿ. ಇಷ್ಟು ವರ್ಷ ಬೇಲಿಯಾಚೆಯಿಂದ ಕೈ ಬೀಸಿದ್ದು ಬಿಟ್ಟರೆ ಹೆಚ್ಚು ಮಾತಿರಲಿಲ್ಲ.

ಪುಕ್ಕಟೆ ಹಣ್ಣು! ಅರುಂಧತಿಗೆ ದೇವರೇ ಕಳಿಸಿದ ಹಾಗೆ ಕಂಡಿತು. ಪಾಪ, ಅವಳ ಕಣ್ಣಿಗೆ ಹಣ್ಣು ಬಿತ್ತು, ಬಕೆಟ್ಟು ಬೀಳಲಿಲ್ಲ.

ಆ ಹೊತ್ತಿನಲ್ಲಿ ಅವಳ ಮನೆಯ ಸ್ಥಿತಿ ಹಾಗಿತ್ತು. ಫೆಬ್ರವರಿಯಲ್ಲಿ ಗಂಡ ಪದ್ಮನಾಭನ ಕೆಲಸ ಹೋಗಿತ್ತು. ವೆಲ್ಲಿಂಗ್ಟನ್ನಿನ ಕಂಪನಿಯೊಂದರಲ್ಲಿ ನೀರಿನ ಕೊಳವೆಗಳ ನಕ್ಷೆ ತಯಾರಿಸುವ ಎಂಜಿನಿಯರ್ ಅವನು. ಹೊಸ ಕಾಮಗಾರಿಗಳು ನಿಂತವು, ಕಂಪನಿಯವರು ಕೇಕ್ ಕತ್ತರಿಸಿ, ಕೈ ಕುಲುಕಿ, ಅರ್ಧ ಜನರನ್ನು ಮನೆಗೆ ಕಳಿಸಿದರು. ಕೂಡಿಟ್ಟದ್ದನ್ನು ಬಾಡಿಗೆ ತಿನ್ನುತ್ತಿತ್ತು. ಊಟ, ಕರೆಂಟು, ಮಗಳು ನಿಧಿಯ ಶಾಲೆಯ ಖರ್ಚು ಎಲ್ಲವನ್ನೂ ಅರುಂಧತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಅರ್ಧ ದಿನ ನಿಂತು ತರುವ ಸಂಬಳದಲ್ಲಿ ತೂಗಿಸಬೇಕಿತ್ತು.

ತೂಗಿಸುವುದರಲ್ಲಿ ಅವಳು ಕಡಿಮೆಯವಳಲ್ಲ. ಬೇಳೆಯನ್ನು ಮುಂಚಿತವಾಗಿ ನೆನೆಸಿ ಗ್ಯಾಸ್ ಉಳಿಸಿದಳು. ಕೋಸಿನ ದಿಂಡನ್ನೂ ಬಿಡದೆ ಪಲ್ಯ ಮಾಡಿದಳು. ಕಾಫಿಪುಡಿಯಿಂದ ಎರಡನೇ ಡಿಕಾಕ್ಷನ್ ಇಳಿಸಿ ತಾನು ಕುಡಿದಳು. ಜೂನ್ ಹುಟ್ಟುವ ತನಕ ಕೋಣೆ ಕಾಯಿಸುವ ಹೀಟ್ ಪಂಪ್ ಹಾಕಬಾರದೆಂದು ಅದರ ರಿಮೋಟನ್ನು ರವೆ ಡಬ್ಬದಲ್ಲಿ ಹುಗಿದಿಟ್ಟಳು. "ಮಮ್, ಇಟ್ಸ್ ಫ್ರೀಜಿಂಗ್!" ಎಂದು ನಿಧಿ ಕೂಗಿದಾಗೆಲ್ಲ "ಇನ್ನೊಂದು ಸ್ವೆಟರ್ ಹಾಕ್ಕೋ ಪುಟ್ಟಿ" ಎನ್ನುತ್ತಿದ್ದಳು.

ಇದೆಲ್ಲ ಹೇಗೋ ನಡೆಯುತ್ತಿತ್ತು. ಅವಳ ನಿದ್ದೆ ಕೆಡಿಸಿದ್ದು ಒಂದೇ, ವಿಷಯ ಯಾರಿಗಾದರೂ ತಿಳಿದುಬಿಟ್ಟರೆ ಎಂಬ ದಿಗಿಲು. ಪದ್ಮನಾಭ ಇಸ್ತ್ರಿ ಹಾಕಿದ ಶರ್ಟು ತೊಟ್ಟು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಸಿಕ್ಕಿಸಿ, ಮೊದಲಿನ ವೇಳೆಗೇ ಮನೆ ಬಿಡುತ್ತಿದ್ದ. ಹೋಗುತ್ತಿದ್ದುದು ರೈಲ್ವೆ ಸ್ಟೇಷನ್ನಿಗಲ್ಲ, ಊರಿನ ಲೈಬ್ರರಿಗೆ. ಅಲ್ಲಿ ಬೆಚ್ಚಗಿರುತ್ತದೆ, ಇಂಟರ್ನೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಸಂಜೆಯವರೆಗೆ ಕೂತು ಕೆಲಸಕ್ಕೆ ಅರ್ಜಿ ಹಾಕಿ, ಆಫೀಸು ಬಿಟ್ಟವರ ಜೊತೆಜೊತೆಗೇ ಮನೆ ಸೇರುತ್ತಿದ್ದ. ಕನ್ನಡ ಬಳಗದ ಯುಗಾದಿ ಊಟವನ್ನು ಶೀತವೆಂಬ ನೆಪ ಹೇಳಿ ತಪ್ಪಿಸಿಕೊಂಡಿದ್ದರು. ಒಬ್ಬರ ಬಾಯಿಗೆ ಬಿದ್ದರೆ ಊರೆಲ್ಲ "ಅಯ್ಯೋ ಪಾಪ" ಎನ್ನುತ್ತದೆ, ಆ "ಅಯ್ಯೋ ಪಾಪ"ವನ್ನು ನುಂಗುವ ಶಕ್ತಿ ಗಂಡನಿಗಿಲ್ಲವೆಂದು ಅವಳಿಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ಅವಳಿಗೂ ಇರಲಿಲ್ಲ.

ಫಿಜೋವಾದ ಗೊಜ್ಜಾಯಿತು, ಉಪ್ಪಿನಕಾಯಿಯೂ ಆಯಿತು. ಬಕೆಟ್ಟು ಖಾಲಿಯಾಗಿ ಅಡುಗೆಮನೆಯ ಮೂಲೆಯಲ್ಲಿ ಕೂತು ಅವಳನ್ನೇ ನೋಡತೊಡಗಿತು.

ಅರುಂಧತಿ ಬೆಳೆದದ್ದು ಮೈಸೂರಿನ ವಠಾರದಲ್ಲಿ. ಪಕ್ಕದ ಮನೆಯಿಂದ ಏನಾದರೂ ಬಂದರೆ ಅದು ಬಂದ ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸುವುದು ಅಲ್ಲಿ ಕೇಳರಿಯದ ಸಂಗತಿ. ಅದರಲ್ಲಿ ಏನಾದರೂ ಹಾಕಿಯೇ ಕೊಡಬೇಕು. ಮನೆಯಲ್ಲಿ ಏನೆಂದರೆ ಏನೂ ಇಲ್ಲದ ದಿನ ಅವಳ ಅಮ್ಮ ಶಾಂತಮ್ಮ ಪಾತ್ರೆಯ ತಳಕ್ಕೆ ಒಂದು ಚಮಚ ಸಕ್ಕರೆ ಉದುರಿಸಿ ಕಳಿಸುತ್ತಿದ್ದರು. ಈಚೆಯವರು ಯಾಕೆಂದು ಹೇಳುತ್ತಿರಲಿಲ್ಲ, ಆಚೆಯವರು ಕೇಳುತ್ತಿರಲಿಲ್ಲ. ಈ ಮನೆಯಲ್ಲಿ ಈಗ ಬಿಗಿ ಎಂದು ಇಡೀ ವಠಾರಕ್ಕೆ ಆ ಸಕ್ಕರೆಯಿಂದಲೇ ತಿಳಿಯುತ್ತಿತ್ತು. ಅಂಥ ಪಾತ್ರೆ ಹಿಡಿದು ಮನೆಯಿಂದ ಮನೆಗೆ ಹೋಗುವ ಕೆಲಸ ಚಿಕ್ಕ ಅರುಂಧತಿಯದಾಗಿತ್ತು. ಸೆರಗಿನಿಂದ ಮುಚ್ಚಲು ಆಗ ಅವಳಿಗೆ ಸೆರಗೂ ಇರಲಿಲ್ಲ. ತನ್ನ ಸಂಸಾರದಲ್ಲಿ ಮಾತ್ರ ಎಂದೂ ಸಕ್ಕರೆ ಹಾಕಿ ಕಳಿಸುವುದಿಲ್ಲ ಎಂದು ಆಗಲೇ ಹಲ್ಲು ಕಚ್ಚಿ ನಿಶ್ಚಯಿಸಿದ್ದಳು.

"ಬಕೆಟ್ ಹಾಗೇ ಇಟ್ಟು ಬಾರೇ. ಅವರಿಗೇನು ಗೊತ್ತಾಗುತ್ತೆ?" ಎಂದ ಪದ್ಮನಾಭ.

"ಖಾಲಿ ಬಕೆಟ್ ಹೇಗ್ರೀ ಕೊಡೋದು? ನನ್ ಕೈಲಾಗಲ್ಲ."

ಕೊಬ್ಬರಿ ಮಿಠಾಯಿ ಮಾಡಿ, ಡಬ್ಬದಲ್ಲಿ ಜೋಡಿಸಿ, ಬಕೆಟ್ಟಿನೊಳಗಿಟ್ಟು ಗ್ಲೆನಿಸ್ ಮೆಟ್ಟಿಲ ಮೇಲೆ ಇಟ್ಟು ಬಂದಳು. ಅಲ್ಲಿಗೆ ಲೆಕ್ಕ ಚುಕ್ತಾ ಎಂದುಕೊಂಡು ನಿಟ್ಟುಸಿರು ಬಿಟ್ಟಳು. ಮಾರನೆಯ ದಿನವೇ ಬಕೆಟ್ಟು ವಾಪಸ್ಸು ಬಂತು. ಈ ಸಲ ಫಿಜೋವಾದ ಮೇಲೆ ಒಂದು ಸಿಹಿಗುಂಬಳ ಬೇರೆ ಸವಾರಿ ಮಾಡುತ್ತಿತ್ತು. ಕುಂಬಳದ ಘನತೆಗೆ ತಕ್ಕಂತೆ ಅರುಂಧತಿ ಚಕ್ಕುಲಿ ಕರಿದಳು. ಚಕ್ಕುಲಿಗೆ ಉತ್ತರವಾಗಿ ಪರ್ಸಿಮನ್ ಹಣ್ಣು, ನಿಂಬೆಹಣ್ಣಿನ ಕೇಕು ಬಂದವು. ಕೇಕಿನಲ್ಲಿ ಬೆಣ್ಣೆಯಿತ್ತು, ಅದೂ ಧಾರಾಳವಾಗಿ. ಬೆಣ್ಣೆಗೆ ಚಿನ್ನದ ಬೆಲೆಯಿರುವ ಈ ದೇಶದಲ್ಲಿ ಬೆಣ್ಣೆಗೆ ಉತ್ತರ ಬೆಣ್ಣೆಯೇ. ಅರುಂಧತಿ ಇದ್ದ ತುಪ್ಪವನ್ನೆಲ್ಲ ಬಳಿದು ಮೈಸೂರು ಪಾಕ್ ಮಾಡಿದಳು. ಆ ವಾರ ಮನೆಯವರು ಒಗ್ಗರಣೆ ಇಲ್ಲದ ಸಾರು ಉಂಡರು.

ಮೇ ಹೊತ್ತಿಗೆ ಬೆಳಗ್ಗೆ ಹುಲ್ಲಿನ ಮೇಲೆ ಹಿಮ ಕಾಣಿಸಿಕೊಂಡಿತು, ಅರುಂಧತಿಗೆ ಬಕೆಟ್ಟಿನ ಭಯ ಹಿಡಿಯಿತು. ಗೇಟಿನ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಪರದೆಯ ಹಿಂದೆ ನಿಂತು ನೋಡುತ್ತಿದ್ದಳು. ನೀಲಿ ಕಂಡರೆ ಸಾಕು, ಇನ್ನು ಏನು ಮಾಡಿ ಕೊಡಲಿ, ಕಡಲೆಹಿಟ್ಟು ಎಷ್ಟಿದೆ, ಎಣ್ಣೆ ಎಷ್ಟಿದೆ ಎಂದು ತಲೆ ಗಿರ್ರೆನ್ನುತ್ತಿತ್ತು. ಉಳಿತಾಯವೆಲ್ಲ ಆ ಬಕೆಟ್ಟಿನಲ್ಲಿ ಹರಿದುಹೋಗುತ್ತಿತ್ತು. ನಿಲ್ಲಿಸೋಣವೆಂದರೆ ಯಾಕೆ ನಿಂತಿತು ಎಂಬ ಪ್ರಶ್ನೆ ಏಳುತ್ತದೆ, ಪ್ರಶ್ನೆ ಎದ್ದರೆ ಗುಟ್ಟು ರಟ್ಟಾಗುತ್ತದೆ.

ಹೀಗೆಯೇ ಒಂದು ಮಧ್ಯಾಹ್ನ ಕೆಲಸ ಮುಗಿಸಿ ಸೂಪರ್ ಮಾರ್ಕೆಟ್ಟಿಗೆ ಹೋದಳು. ಬೆಣ್ಣೆಯ ಫ್ರಿಜ್ಜಿನ ಮುಂದೆ ಗ್ಲೆನಿಸ್ ನಿಂತಿದ್ದರು. ಅರುಂಧತಿ ಸರಕ್ಕನೆ ಟಾಯ್ಲೆಟ್ ಪೇಪರಿನ ರಾಶಿಯ ಹಿಂದೆ ಸರಿದಳು. ಗ್ಲೆನಿಸ್ ಒಂದು ಬೆಣ್ಣೆಯ ಕಟ್ಟು ಎತ್ತಿಕೊಂಡರು, ಬೆಲೆ ನೋಡಿದರು, ಕೆಳಗಿಟ್ಟರು. ಮತ್ತೆ ಎತ್ತಿದರು, ಮತ್ತೆ ಇಟ್ಟರು. ಆಮೇಲೆ ನಿಧಾನವಾಗಿ ಹಣ್ಣಿನ ಕಡೆ ನಡೆದು ಕೈಚೀಲಕ್ಕೆ ಒಂದೊಂದಾಗಿ ಫಿಜೋವಾ ತುಂಬಿಕೊಂಡರು. ನಡುವೆ ಒಮ್ಮೆ ತಕ್ಕಡಿಯ ಮೇಲಿಟ್ಟು ನೋಡಿ, ಸ್ವಲ್ಪ ಯೋಚಿಸಿ, ಒಂದನ್ನು ವಾಪಸ್ಸು ಹಾಕಿದರು.

ಅರುಂಧತಿ ಕಣ್ಣು ಕಣ್ಣು ಬಿಟ್ಟಳು. ಹಿತ್ತಿಲಲ್ಲಿ ಮರ ಇಟ್ಟುಕೊಂಡವರು ಫಿಜೋವಾ ಕೊಳ್ಳುವುದನ್ನು ಈ ದೇಶದಲ್ಲಿ ಯಾರೂ ಕಂಡಿರಲಾರರು. ಮರ ಎಂದೋ ಬರಿದಾಗಿತ್ತು. ಆ ಮುದುಕಿ ತಮ್ಮ ಹೊಟ್ಟೆಗೆ ಬೆಣ್ಣೆ ಬಿಟ್ಟು ಇವಳ ಮನೆಗೆ ಕಳಿಸಲೆಂದು ಹಣ್ಣು ಕೊಳ್ಳುತ್ತಿದ್ದರು. ನಾಚಿಕೆಯಿಂದ ಅರುಂಧತಿಯ ಮುಖ ಕಾವೇರಿತು. ಏನೂ ಕೊಳ್ಳದೆ ಮನೆಗೆ ಬಂದಳು.

ಬೆಳಗ್ಗೆ ಬಕೆಟ್ಟು ಬಂತು. ಒಳಗೆ ತೊಳೆದಿಟ್ಟ ಹಾಗಿದ್ದ ಒಂದೇ ಅಳತೆಯ ಹಣ್ಣುಗಳು. ಅವನ್ನು ತಟ್ಟೆಗೆ ಸುರಿದು, ಬರಿದಾದ ಬಕೆಟ್ಟಿನ ಮುಂದೆ ಅವಳು ಬಹಳ ಹೊತ್ತು ನಿಂತಳು. ಇನ್ನೊಂದು ಡಬ್ಬ ಸಿಹಿ ಕಳಿಸಿದರೆ ಆ ಜೀವ ಇನ್ನೇನು ಬಿಟ್ಟು ಇನ್ನೇನು ಕೊಳ್ಳಬೇಕೋ. ಬರಿದೇ ಕಳಿಸಲು ಕೈ ಒಪ್ಪಲಿಲ್ಲ. ಕೊನೆಗೆ ಸಕ್ಕರೆ ಡಬ್ಬ ತೆಗೆದು ಒಂದು ಚಮಚ ತಳಕ್ಕೆ ಉದುರಿಸಿದಳು. ಆ ಸರಬರ ಸದ್ದು ಕೇಳಿ ಅವಳಿಗೆ ಅಳು ಬಂತು. ಯಾವುದನ್ನು ಎಂದೂ ಮಾಡುವುದಿಲ್ಲ ಎಂದಿದ್ದಳೋ ಅದನ್ನೇ ಇಷ್ಟು ದೂರ ಬಂದು ಮಾಡಿದಳು. ಬಕೆಟ್ಟನ್ನು ಗ್ಲೆನಿಸ್ ಮೆಟ್ಟಿಲ ಮೇಲಿಟ್ಟು ತಿರುಗಿ ನೋಡದೆ ಬಂದುಬಿಟ್ಟಳು.

ಅವತ್ತು ಬಕೆಟ್ಟು ಅಲ್ಲೇ ಇತ್ತು. ಮಾರನೆಯ ದಿನವೂ ಅಲ್ಲೇ ಇತ್ತು. ಗ್ಲೆನಿಸ್ ಮನೆಯ ಪರದೆಗಳು ಸರಿಯಲಿಲ್ಲ, ಬಾಗಿಲು ತೆರೆಯಲಿಲ್ಲ.

"ಬೇಜಾರಾಗಿರ್ಬೇಕು ಕಣ್ರೀ. ಒಳಗೆ ನೋಡಿ, ಸಕ್ಕರೆ ಹಾಕಿ ಗೇಲಿ ಮಾಡಿದಾಳೆ ಅಂದ್ಕೊಂಡ್ರೋ ಏನೋ," ಎಂದಳು ಅರುಂಧತಿ.

"ನೋಡಿದ್ರೆ ತಾನೇ ಬೇಜಾರಾಗೋದು? ಬಕೆಟ್ ಇಟ್ಟ ಜಾಗ ಬಿಟ್ಟು ಕದಲೇ ಇಲ್ವಲ್ಲ," ಎಂದ ಪದ್ಮನಾಭ. ಹೇಳಿದ ಮೇಲೆ ಅವನ ಮುಖವೂ ಸಪ್ಪಗಾಯಿತು.

ಅಷ್ಟು ಸಾಕಾಯಿತು. ಅವಳ ತಲೆಯಲ್ಲಿ ಬರಬಾರದ್ದೆಲ್ಲ ಬಂತು. ಬಚ್ಚಲಲ್ಲಿ ಜಾರಿ ಬಿದ್ದಿರಬಹುದು. ಚಳಿಗೆ ಮೈ ಹಿಡಿದಿರಬಹುದು. ದಿನದಿನ ಬೈದುಕೊಂಡ ಆ ಬಕೆಟ್ಟೇ ಮುದುಕಿ ಕ್ಷೇಮವಾಗಿದ್ದಾರೆ ಎಂಬುದಕ್ಕೆ ಗುರುತಾಗಿತ್ತು ಎಂದು ಈಗ ಹೊಳೆಯಿತು. ಅಂಗಡಿಯ ಕೌಂಟರಿನಲ್ಲಿ ಒಬ್ಬರ ಮಾತ್ರೆಯನ್ನು ಇನ್ನೊಬ್ಬರ ಕೈಗೆ ಕೊಡುವುದರಲ್ಲಿದ್ದಳು. ಕೆಲಸ ಮುಗಿದದ್ದೇ ಓಡೋಡಿ ಬಂದು ಗ್ಲೆನಿಸ್ ಬಾಗಿಲು ಬಡಿದಳು. ಒಳಗಿಂದ ಸದ್ದಿಲ್ಲ. ಕೂಗಿ, ಮತ್ತೆ ಬಡಿದಳು.

ಎಷ್ಟೋ ಹೊತ್ತಿನ ಮೇಲೆ ಚಿಲಕ ಸರಿದು ಬಾಗಿಲು ಒಂದು ಬೆರಳಷ್ಟು ತೆರೆಯಿತು. ಉಣ್ಣೆಯ ಟೋಪಿ, ಮೈಮೇಲೆ ಹೊರಗೆ ಹೋಗುವ ಕೋಟು, ಎದೆಗೆ ಅವಚಿಕೊಂಡ ಬಿಸಿನೀರಿನ ಚೀಲ. ಒಳಗಿನ ಗಾಳಿ ಹೊರಗಿನದಕ್ಕಿಂತ ತಣ್ಣಗಿತ್ತು. ಗ್ಲೆನಿಸ್ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಅವಳನ್ನು ನೋಡಿದರು. ಇಬ್ಬರ ಮಾತೂ ಇಂಗ್ಲಿಷಿನಲ್ಲೇ, ಆದರೆ ಅರುಂಧತಿಗೆ ಅದು ತನ್ನ ವಠಾರದ ಮಾತಿನಂತೆಯೇ ಕೇಳಿಸಿತು.

"ತಪ್ಪು ತಿಳೀಬೇಡ ಅರು. ಬಕೆಟ್ ಬಂದಿರೋದು ಕಿಟಕಿಯಿಂದ ನೋಡ್ದೆ. ಮುಟ್ಟೋಕೆ ಧೈರ್ಯ ಬರಲಿಲ್ಲ. ವಾಪಸ್ ತುಂಬಿ ಕೊಡೋಕೆ ನನ್ನ ಹತ್ರ ಏನೂ ಉಳಿದಿಲ್ಲ. ಪಕ್ಕದ ಮನೆ ತಟ್ಟೆ ಬರಿದಾಗಿ ಹೋಗಬಾರದು ಅಂತ ನಮ್ಮಮ್ಮ ಕಲಿಸಿದ್ದು. ಅದಕ್ಕೇ ಈ ಕಡೆ ಬಾಗಿಲು ತೆಗೀದೆ ಹಿಂದಿನ ಬಾಗಿಲಿಂದ ಓಡಾಡ್ತಿದ್ದೆ."

ಅರುಂಧತಿ ಬಗ್ಗಿ ಬಕೆಟ್ಟನ್ನು ಎತ್ತಿ ಅವರ ಮುಂದೆ ಓರೆ ಮಾಡಿ ಹಿಡಿದಳು. ಎರಡು ರಾತ್ರಿಯ ಇಬ್ಬನಿಗೆ ಸಕ್ಕರೆ ಕರಗಿ ತಳಕ್ಕೆ ಅಂಟಿತ್ತು, ಒಂದಿಷ್ಟು ಇರುವೆ ಸೇರಿದ್ದವು.

"ಬರಿದೇ ಇದೆ!" ಎಂದರು ಗ್ಲೆನಿಸ್. ಅವರ ಮುಖದಲ್ಲಿ ಎಂಥ ನೆಮ್ಮದಿ! "ಅದೇನು, ತಳದಲ್ಲಿ?"

"ಸಕ್ಕರೆ."

"ಸಕ್ಕರೆ ಯಾಕೆ?"

ವಠಾರದಲ್ಲಾಗಿದ್ದರೆ ಈ ಪ್ರಶ್ನೆ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಬಾಯಿ ಬಿಟ್ಟೇ ಹೇಳಬೇಕಾಗಿತ್ತು. ಹೇಳಿದಳು. "ನಮ್ಮನೇಲಿ ಈಗ ಕಷ್ಟ ಅಂತ ಅರ್ಥ. ನನ್ನ ಗಂಡನಿಗೆ ಕೆಲಸ ಇಲ್ಲ. ಫೆಬ್ರವರಿಯಿಂದ."

ಗ್ಲೆನಿಸ್ ಬಾಗಿಲನ್ನು ಪೂರ್ತಿ ತೆರೆದರು.

"ಗೊತ್ತು ಕಣಮ್ಮ. ಬೆಚ್ಚಗಿರೋಕೆ ನಾನೂ ಲೈಬ್ರರಿಗೇ ಹೋಗೋದು. ಅವನು ಕಿಟಕಿ ಪಕ್ಕ, ನಾನು ಹೆಣಿಗೆ ಪುಸ್ತಕಗಳ ಹಿಂದೆ. ಅವನು ತಲೆ ಎತ್ತಿ ನೋಡೋದೇ ಇಲ್ಲ. ನಿಮಗೊಂದಿಷ್ಟು ಅನುಕೂಲ ಆಗ್ಲಿ ಅಂತ ತಾನೇ ಮೊದಲನೇ ಸಲ ಹಣ್ಣು ತಂದಿಟ್ಟದ್ದು. ನೀನು ನೋಡಿದ್ರೆ ಸಿಹಿ ಕಳಿಸಿಬಿಟ್ಟೆ. ಆಮೇಲೆ ನಿಲ್ಲಿಸೋದು ಹೇಗೆ ಅಂತ ನಂಗೆ ತಿಳೀಲೇ ಇಲ್ಲ."

ಅರುಂಧತಿ ಆ ತಣ್ಣನೆಯ ಕೈ ಹಿಡಿದು ತನ್ನ ಮನೆಗೆ ಕರೆತಂದು ಸೋಫಾದ ಮೇಲೆ ಕೂರಿಸಿದಳು. ಶಾಲೆಯಿಂದ ಬಂದ ನಿಧಿ ನೋಡುತ್ತಿದ್ದ ಹಾಗೆಯೇ ರವೆ ಡಬ್ಬಕ್ಕೆ ಮೊಣಕೈವರೆಗೆ ಕೈ ಹಾಕಿ ರಿಮೋಟ್ ತೆಗೆದಳು. ರವೆ ಒರೆಸಿ ಗುಂಡಿ ಒತ್ತಿದಳು. ಹೆತ್ತ ಮಗಳು ಕೇಳಿದಾಗ ಹಾಕಲಿಲ್ಲವಲ್ಲ ಎಂದು ಮನಸ್ಸು ಚುಚ್ಚಿತು, ನಿಧಿಯನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಈ ಕರೆಂಟಿನ ಬಿಲ್ಲು ಹೇಗೆ ಕಟ್ಟುವುದೆಂಬ ದಿಗಿಲೇನೂ ಹೋಗಲಿಲ್ಲ. ಎರಡು ಮನೆಯ ಜನ ಒಂದು ಕೋಣೆಯಲ್ಲಿ ಕೂತರೆ ಒಂದೇ ಬಿಲ್ಲಲ್ಲವೇ ಎಂದು ಗ್ಲೆನಿಸ್ ಅಂದಾಗ ಮಾತ್ರ ಸ್ವಲ್ಪ ಉಸಿರಾಡುವಂತಾಯಿತು.

ಆಫೀಸು ಬಿಡುವ ಹೊತ್ತಿಗೆ ಸರಿಯಾಗಿ ಪದ್ಮನಾಭ ಬಂದ. ಬೆಚ್ಚಗಿನ ಕೋಣೆ, ಸೋಫಾದ ಮೇಲೆ ಗ್ಲೆನಿಸ್. ಅವನು ಗಡಿಬಿಡಿಯಿಂದ ಮುಖದ ಮೇಲೆ ದಣಿದ ಕಳೆ ತಂದುಕೊಂಡು, ಇಂಗ್ಲಿಷಿನಲ್ಲಿ, ಇವತ್ತು ರೈಲು ಬಹಳ ತಡ ಎಂದ.

"ಸಾಕು ಬಿಡ್ರೀ," ಎಂದಳು ಅರುಂಧತಿ. "ಎಲ್ಲಾ ಹೇಳಿಬಿಟ್ಟಿದೀನಿ."

ಅವನು ಚೀಲ ಹೆಗಲಲ್ಲಿರುವಂತೆಯೇ ನಿಂತುಬಿಟ್ಟ. ಗ್ಲೆನಿಸ್ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಅವನು ನಿಧಾನವಾಗಿ ಚೀಲ ಇಳಿಸಿ ಅವರ ಪಕ್ಕದಲ್ಲಿ ಕೂತು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡ. ಯಾರೂ "ಅಯ್ಯೋ ಪಾಪ" ಅನ್ನಲಿಲ್ಲ.

ಮಾರನೆಯ ಬೆಳಗ್ಗೆಯೂ ಪದ್ಮನಾಭ ಲೈಬ್ರರಿಗೆ ಹೊರಟ, ಗ್ಲೆನಿಸ್ ಜೊತೆಯಲ್ಲಿ. ಶರ್ಟಿಗೆ ಇಸ್ತ್ರಿ ಹಾಕಿರಲಿಲ್ಲ.