ಮೂರು ಗೆರೆಯ ಹಲಗೆ

ಒಂದಾನೊಂದು ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ, ಒಬ್ಬ ಮೊಮ್ಮಗಳು ಇದ್ದರು. ಕಥೆಗೆ ಬೇಕಾದ ರಾಜಕುಮಾರನೂ ಇದ್ದ, ಅತ್ತೆಯ ಮಗ. ಕಟ್ಟಿಕೊಂಡವಳನ್ನು ಬಿಟ್ಟು ಇನ್ನೊಬ್ಬಳನ್ನು ಕೂಡಿಕೊಂಡ, ಆಕೆ ತೀರಿಕೊಂಡಾಗ ಆಕೆಯ ಕೂಸನ್ನು ತನ್ನ ತಾಯಿಯ ಮಡಿಲಿಗೆ ಹಾಕಿ ನಾಪತ್ತೆಯಾದ. ತಾಯಿ ಇದ್ದದ್ದು ಅವನು ಬಿಟ್ಟುಹೋದ ಸೊಸೆಯ ಜೊತೆಗೇ. ಸೊಸೆ ಕೂಸಿನ ಮುಖ ನೋಡಿ, "ಹಾಲು ಕಾಯಿಸ್ತೀನಿ ಅತ್ತೆ" ಅಂದಳು. ಅಷ್ಟೇ, ಸಂಸಾರವಾಯಿತು.

ಸೊಸೆ ಬೋರ್ಡು ಬರೆಯುವವಳು. ಕಟ್ಟಡದ ಉಳಿದ ಹದಿನೈದು ಬಾಗಿಲಿಗೂ ಯಜಮಾನರ ಹೆಸರು ಬರೆದವಳು ಅವಳೇ. ತನ್ನ ಬಾಗಿಲ ಪಕ್ಕದ ಹಲಗೆ ಮಾತ್ರ ಖಾಲಿ. ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಯ ಬಾಯಿಗೆ ಬೀಳಲು ಹಿಂಜರಿದು, "ನಾಳೆ ಬರೀತೀನಿ ಪುಟ್ಟಿ, ಖಂಡಿತ" ಎನ್ನುತ್ತ ಎರಡು ವರ್ಷ ದೂಡಿದ್ದಳು.

ಈ ದಿನ ಪುಟ್ಟಿ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸಲಿಲ್ಲ. ಚಿತ್ರಸ್ಪರ್ಧೆಯಲ್ಲಿ ಗೆದ್ದಿದ್ದಕ್ಕೆ ಅವಳ ಹೆಸರಿಗೆ ಬಂದಿದ್ದ ಕಾಗದ ವಾಪಸ್ಸು ಹೋಗಿತ್ತು. ಅಂಥವರು ಇಲ್ಲಿಲ್ಲವೆಂದು ಕಾರ್ಯದರ್ಶಿಯೇ ಅಂಚೆಯವನಿಗೆ ಹೇಳಿದ್ದನಂತೆ.

ಸೊಸೆ ಬಣ್ಣದ ಡಬ್ಬಿ ಎತ್ತಿಕೊಂಡು ಹೊರಬಂದಳು. ಸೀಮೆಸುಣ್ಣ ಸವರಿದ ದಾರವನ್ನು ಹಲಗೆಯ ಮೇಲೆ ಬಿಗಿದು ಮೂರು ಸಲ ಮೀಟಿದಳು. ಮೂರು ಗೆರೆ ಮೂಡಿತು. ಯಾರು ಚಾಡಿ ಹೇಳಿದರೋ, ಕಾರ್ಯದರ್ಶಿ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ.

"ಏನಮ್ಮಾ ಇದು? ಒಂದು ಬಾಗಿಲಿಗೆ ಒಂದೇ ಹೆಸರು, ಯಜಮಾನರದ್ದು. ನಿಯಮ ಗೊತ್ತಲ್ಲ?"

"ಗೊತ್ತು ಸಾರ್. ಕೆಳಗಿನ ಮನೆ ಯಜಮಾನರು ಹೋಗಿ ಆರು ವರ್ಷ. ಹೋದ ತಿಂಗಳು ನೀವೇ ನಿಂತು ಅವರ ಹೆಸರಿಗೆ ಹೊಸ ಬಣ್ಣ ಹೊಡೆಸಿದ್ರಿ. ಸತ್ತೋರಿಗೆ ವಿಳಾಸ ಇದೆ, ನನ್ನ ಮಗಳಿಗಿಲ್ಲ."

"ಅದು ಸಂಸಾರ ಕಣಮ್ಮ."

"ಮತ್ತೆ ನಮ್ಮದೇನಪ್ಪಾ, ಬಸ್‌ಸ್ಟ್ಯಾಂಡಾ?" ಅತ್ತೆ ಹೊಸ್ತಿಲಿಗೆ ಬಂದಳು.

"ಹೋಗ್ಲಿ ಅಜ್ಜಿ, ನಿಮ್ಮ ಮಗನ ಹೆಸರು ಹಾಕ್ಸಿ. ಯಾರೂ ತಕರಾರು ಮಾಡಲ್ಲ."

"ಈ ಮನೇಲಿ ಒಂದು ಲೋಟ ತೊಳೆದೋನಲ್ಲ ಅವನು. ಹೆತ್ತೋಳು ನಾನೇ ಹೇಳ್ತಿದೀನಿ, ಬೇಡ."

"ಈ ಮಗೂನ ಇವರು ಹೆತ್ತಿಲ್ವಲ್ಲ..."

ಸೊಸೆ ಕುಂಚವನ್ನು ಬಣ್ಣಕ್ಕೆ ಅದ್ದಿದಳು. "ಹೆತ್ತಿಲ್ಲ. ಎಂಟು ವರ್ಷದಿಂದ ಅವಳ ತಲೆ ಬಾಚ್ತಿದೀನಿ. ಸ್ವಲ್ಪ ಆ ಕಡೆ ಸರೀರಿ, ಬೆಳಕಿಗೆ ಅಡ್ಡ ನಿಂತಿದೀರಿ."

"ನಾಳೆ ಮೀಟಿಂಗಲ್ಲಿ ಅಳಿಸೋಕೆ ಹೇಳ್ತೀನಿ."

"ಹೇಳಿ. ಅಳಿಸೋ ಕೆಲಸಾನೂ ನನಗೇ ಬರೋದು. ನಾನು ಮಾಡಲ್ಲ."

ಅವನು ಗೊಣಗುತ್ತ ಸರಿದು ನಿಂತ. ಅವಳು ಮೊದಲ ಗೆರೆಯಲ್ಲಿ ಅತ್ತೆಯನ್ನು ಬರೆದಳು, ಎರಡನೆಯದರಲ್ಲಿ ತನ್ನನ್ನು. ಮೂರನೆಯದಕ್ಕೆ ಪುಟ್ಟಿ; ಶಾಲೆಯಲ್ಲಿ ಬರೆಸಿದ ಅವಳ ಪೂರ್ತಿ ಹೆಸರು ಉದ್ದ. ಅಕ್ಷರಗಳನ್ನು ಕಿರಿದು ಮಾಡಲು ಮನಸ್ಸಾಗಲಿಲ್ಲ. ಕೊನೆಯ ಅಕ್ಷರಕ್ಕೆ ಹಲಗೆಯಲ್ಲಿ ಜಾಗ ಸಾಲದೆ, ಅದನ್ನು ಬಾಗಿಲ ಚೌಕಟ್ಟಿನ ಮೇಲೆ ಬರೆದು ಮುಗಿಸಿದಳು.