ಐವತ್ತೈದು ಸೆಕೆಂಡು

"ನಲವತ್ತಕ್ಕೆ ನಲವತ್ತು ಸಾರ್," ಎನ್ನುತ್ತ ಮಂಜುಶ್ರೀ ತನ್ನ ಲ್ಯಾಪ್‌ಟಾಪನ್ನು ಮಲಕಪ್ಪನ ಕಡೆಗೆ ತಿರುಗಿಸಿದಳು. "ಹನ್ನೆರಡು ವರ್ಷದ ರೆಕಾರ್ಡು ನೋಡಿದೀವಿ. ರಕ್ತ ನಿಲ್ಲಿಸೋ ಪರೀಕ್ಷೇಲಿ ಪ್ರತಿಯೊಬ್ರೂ ಪಾಸಾಗಿರೋದು ನಿಮ್ಮ ಬ್ಯಾಚ್ ಒಂದೇ."

ಮಲಕಪ್ಪ ಪರದೆಯನ್ನು ಸರಿಯಾಗಿ ನೋಡಲಿಲ್ಲ. ದೊಡ್ಡನೆಕ್ಕುಂದಿಯ ಸೆಕ್ಯೂರಿಟಿ ಏಜೆನ್ಸಿಯೊಂದರಲ್ಲಿ ಹೊಸ ಗಾರ್ಡುಗಳಿಗೆ ಕವಾಯತು ಕಲಿಸುವುದು ಈಗ ಅವನ ಕೆಲಸ. ಅದಕ್ಕೆ ಮೊದಲು ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು, ಕೊನೆಯ ಆರು ವರ್ಷ ತರಬೇತಿ ಕೇಂದ್ರದಲ್ಲಿ ಹವಾಲ್ದಾರನಾಗಿದ್ದ. ಹೊಸ ಹುಡುಗರು ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಮಂಜುಶ್ರೀ ವೈಟ್‌ಫೀಲ್ಡಿನ ಸಂಶೋಧನಾ ಸಂಸ್ಥೆಯೊಂದರವಳು. ಕೇಂದ್ರದ ಮೈದಾನದಲ್ಲಿ ಕಲಿಸಿದ್ದು ಗುಂಡು ಹಾರುವ ಜಾಗದಲ್ಲಿ ಎಷ್ಟು ಕೈಹಿಡಿಯುತ್ತದೆ ಎಂಬುದು ಅವರ ಅಧ್ಯಯನ. ಕಲಿಸಿದವರನ್ನೂ ಕಲಿತವರನ್ನೂ ಹುಡುಕಿ ಕೇಳುತ್ತಿದ್ದರು. ಮಲಕಪ್ಪ ಕಲಿಸಿದ ಕ್ರಮವನ್ನು ಹೊಸ ಕೈಪಿಡಿಗೆ ಸೇರಿಸುವ ಯೋಚನೆಯಿದೆ ಎಂದು ಅವಳು ಹುರುಪಿನಿಂದ ಹೇಳಿದಳು.

ಮಲಕಪ್ಪ ತೊಡೆಯ ಮೇಲೆ ಅಂಗೈ ಊರಿ ಕೂತಿದ್ದ. ಕಲಿಸುವ ಕ್ರಮವೇನೂ ದೊಡ್ಡದಲ್ಲ, ಪಟ್ಟಿಯನ್ನು ನೂರು ಸಲ ಕಟ್ಟಿಸುವುದು, ನೂರು ಸಲ ಬಿಚ್ಚಿಸುವುದು ಎಂದ. ಅವಳು ಬರೆದುಕೊಂಡಳು. ಆಮೇಲೆ, ಇದು ನಿಮ್ಮ ಶಿಷ್ಯರಲ್ಲೇ ಒಬ್ಬರ ಉತ್ತರ, ಹೆಸರು ಹೇಳುವಂತಿಲ್ಲ ಎಂದು ಒಂದು ಹಾಳೆ ತೆಗೆದು ಓದಿದಳು.

"ತರಬೇತಿಯಲ್ಲಿ ಕೊರತೆ ಇರಲಿಲ್ಲ. ಪರೀಕ್ಷೆಯಲ್ಲಿ ನಾನು ಐವತ್ತೈದು ಸೆಕೆಂಡಿಗೆ ಕಟ್ಟಿದ್ದೆ. ಬೇಕಾದ ದಿನ ನನ್ನ ಕೈ ಆಡಲಿಲ್ಲ. ತಪ್ಪು ನನ್ನದು."

ಹೆಸರು ಹೇಳುವ ಅಗತ್ಯವೇ ಇರಲಿಲ್ಲ.

ಹನುಮೇಶ ಸಿಂದಗಿ ಕಡೆಯ ಹುಡುಗ. ಓಟದಲ್ಲಿ ಅವನನ್ನು ಮೀರಿಸುವವರಿಲ್ಲ, ಗುರಿಯಲ್ಲೂ ಅಷ್ಟೆ. ಆದರೆ ಕಾಲಿಗೆ ಕೆಂಪು ಬಣ್ಣ ಸುರಿದು ಮಲಗಿಸಿದ ಜೊತೆಗಾರನ ಪಕ್ಕ ಕೂತರೆ ಸಾಕು, ಬೆರಳುಗಳು ಒಂದಕ್ಕೊಂದು ತೊಡರಿಕೊಳ್ಳುತ್ತಿದ್ದವು. ಒಂದು ನಿಮಿಷದೊಳಗೆ ತೊಡೆಗೆ ಪಟ್ಟಿ ಬಿಗಿದು ರಕ್ತ ನಿಲ್ಲಿಸಬೇಕು. ಎರಡು ಸಲ ತಪ್ಪಿದ್ದ. ಮೂರನೆಯದು ಕೊನೆಯ ಅವಕಾಶ. ಆ ವರ್ಷ ಒಬ್ಬನೂ ಫೇಲಾಗದ ತುಕಡಿಗೆ ಪತಾಕೆ ಸಿಗುವುದಿತ್ತು. ಅಧಿಕಾರಿ ಬೆಳಿಗ್ಗೆಯೇ ಮಲಕಪ್ಪನ ಭುಜ ತಟ್ಟಿ ಹೋಗಿದ್ದರು. ಗಾಯಾಳುವಾಗಿ ಮಲಗಿದ್ದವನು ವರ್ತೂರಿನ ದೇವರಾಜ್. ಹನುಮೇಶ ಕಟ್ಟಿ ಮುಗಿಸಿ ಕೈ ಎತ್ತಿದಾಗ ಮಲಕಪ್ಪನ ಕೈಯ ಗಡಿಯಾರ ಒಂದು ನಿಮಿಷ ನಲವತ್ತೆರಡು ಸೆಕೆಂಡು ತೋರಿಸುತ್ತಿತ್ತು. ಮಲಕಪ್ಪ ಜೋರಾಗಿ ಐವತ್ತೈದು ಎಂದು ಕೂಗಿ ಹಾಗೆಯೇ ಬರೆದ. ಹನುಮೇಶ ನಂಬಲಾರದೆ ನಕ್ಕ. ನೆಲದ ಮೇಲಿದ್ದ ದೇವರಾಜ್ ಮಾತ್ರ ಒಮ್ಮೆ ತಲೆಯೆತ್ತಿ ಉಸ್ತಾದನ ಮುಖ ನೋಡಿದ. ಮಲಗಿದ್ದವನಿಗೆ ಹೊತ್ತು ಎಷ್ಟಾಯಿತೆಂದು ಗೊತ್ತಿತ್ತು. ಗೆಳೆಯ ಪಾಸಾದನಲ್ಲ ಎಂದೋ ಏನೋ, ಮತ್ತೆ ಗಾಯಾಳುವಿನಂತೆ ಕಣ್ಣು ಮುಚ್ಚಿದ.

ಎರಡು ವರ್ಷದ ಮೇಲೆ, ಬೆಟ್ಟದ ರಸ್ತೆಯೊಂದರಲ್ಲಿ, ದೇವರಾಜನ ತೊಡೆಗೆ ಗುಂಡು ಬಿತ್ತು. ಹತ್ತಿರ ಇದ್ದವನು ಹನುಮೇಶ ಒಬ್ಬನೇ. ಉಳಿದವರು ಬಂದು ಮುಟ್ಟುವಷ್ಟರಲ್ಲಿ ಪಟ್ಟಿ ಅರ್ಧವಷ್ಟೇ ಬಿಗಿದಿತ್ತು, ದೇವರಾಜ್ ತೀರಿಹೋಗಿದ್ದ.

ಆ ವಾರ ಹನುಮೇಶ ಫೋನು ಮಾಡಿದ್ದ. ಅಳಲಿಲ್ಲ, ದೂರಲಿಲ್ಲ. ಕೇಳಿದ್ದು ಒಂದೇ: "ಉಸ್ತಾದ್, ಪರೀಕ್ಷಾ ದಿನ ನಾ ಎಷ್ಟ್ ಸೆಕೆಂಡಿನ್ಯಾಗ ಕಟ್ಟಿದ್ನಿರಿ?"

ಮಲಕಪ್ಪ ಐವತ್ತೈದು ಎಂದಿದ್ದ.

"ಹಂಗಾರ ನನಗ ಬರ್ತಿತ್ತು," ಎಂದು ಅವನು ಫೋನಿಟ್ಟಿದ್ದ.

ಅಂದಿನಿಂದ ಒಂಬತ್ತು ವರ್ಷ. ಮಹದೇವಪುರದ ಸಿಗ್ನಲ್ಲಿನಲ್ಲಿ ಕೆಂಪು ಅಂಕಿಗಳು ಇಳಿಯುವಾಗ ಮಲಕಪ್ಪ ಅತ್ತ ನೋಡುತ್ತಿರಲಿಲ್ಲ. ನೋಡದಿದ್ದರೂ ಒಳಗೆ ಎಣಿಕೆ ನಡೆದೇ ಇರುತ್ತಿತ್ತು. ಐವತ್ತೈದು ದಾಟಿದ ಮೇಲೆ ದೇವರಾಜ್ ತಲೆಯೆತ್ತಿ ನೋಡುತ್ತಿದ್ದ. ಹೆಂಡತಿ ಶಿವಗಂಗಾ ಊಟಕ್ಕೆ ಬಡಿಸಿ ಎದುರು ಕೂತಾಗಲೂ ಕೆಲವೊಮ್ಮೆ ಆ ನೋಟ ಬಂದು ತಟ್ಟೆಯಾಚೆ ಕೂರುತ್ತಿತ್ತು. ಹನುಮೇಶ ಸೈನ್ಯ ಬಿಟ್ಟು ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದಾನೆಂದು ತಿಳಿದು ನಾಲ್ಕು ವರ್ಷವಾಗಿತ್ತು. ಒಂದು ದಿನವೂ ಆ ಕಡೆ ಬಸ್ಸು ಹತ್ತಿರಲಿಲ್ಲ.

"ಮೇಡಂ," ಎಂದ ಮಲಕಪ್ಪ. "ನಲವತ್ತಲ್ರಿ. ಮೂವತ್ತೊಂಬತ್ತು."

ಒಮ್ಮೆ ಶುರುವಾದ ಮೇಲೆ ನಿಲ್ಲಿಸಲಿಲ್ಲ. ಗಡಿಯಾರ ತೋರಿಸಿದ್ದನ್ನೂ ತಾನು ಕೂಗಿದ್ದನ್ನೂ ಹೇಳಿದ, ಫೋನಿನಲ್ಲಿ ಎರಡನೆಯ ಸಲ ಹೇಳಿದ ಸುಳ್ಳನ್ನೂ ಬಿಡಲಿಲ್ಲ. ಮಂಜುಶ್ರೀಯ ಬೆರಳು ಕೀಲಿಮಣೆಯ ಮೇಲೆ ನಿಂತೇ ಇತ್ತು. ಇದನ್ನು ಬರೆದುಕೊಳ್ಳಬಹುದೇ ಎಂದು ಮೆಲ್ಲಗೆ ಕೇಳಿದಳು. ಅವನು ಹೂಂ ಎಂದು ತಲೆಯಾಡಿಸಿದ.

"ಹಾಗಾದ್ರೆ ಇಡೀ ಬ್ಯಾಚನ್ನ ಕೈಬಿಡ್ಬೇಕಾಗುತ್ತೆ ಸಾರ್. ಒಂದು ಸುಳ್ಳು ಅಂದ್ಮೇಲೆ ಉಳಿದಿದ್ದನ್ನ ನಂಬೋದು ಹೇಗೆ?"

ಉಳಿದ ಹುಡುಗರು ಬೆವರು ಸುರಿಸಿ ಗಳಿಸಿದ್ದು ಅದು. ಮಲಕಪ್ಪನಿಗೆ ಬಾಯಿವರೆಗೆ ಮಾತು ಬಂತು. ಆಡುವ ಹಕ್ಕು ತನಗಿಲ್ಲವೆನಿಸಿ ನುಂಗಿಕೊಂಡ.

ಮರುದಿನ ರಜೆ ಹಾಕಿ ಪೀಣ್ಯಕ್ಕೆ ಹೋದ. ಊಟದ ಬಿಡುವಿನಲ್ಲಿ ಕಾರ್ಖಾನೆಯ ಗೇಟಿನಿಂದ ಹೊರಬಂದ ಹನುಮೇಶನ ಕಿವಿಯ ಮೇಲಿನ ಕೂದಲು ಆಗಲೇ ಬೆಳ್ಳಗಾಗಿತ್ತು. ಮಲಕಪ್ಪನನ್ನು ಕಂಡದ್ದೇ ಅವನ ಎರಡೂ ಹಿಮ್ಮಡಿ ತಾವಾಗಿ ಕೂಡಿಕೊಂಡವು. ಕಲಿಸಿದ್ದು ಇನ್ನೂ ಮೈಯಲ್ಲಿದೆ ಎಂದು ಮಲಕಪ್ಪನಿಗೆ ಅನಿಸಿ, ಅದೇ ಹೆಚ್ಚು ನೋವಾಯಿತು. ಟೀ ಅಂಗಡಿಯ ಪಕ್ಕ, ಲಾರಿಗಳ ಸದ್ದಿನಲ್ಲಿ, ನಿಂತೇ ಎಲ್ಲವನ್ನೂ ಹೇಳಿದ.

ಹನುಮೇಶ ಎಷ್ಟು ಸೆಕೆಂಡು ಎಂದು ಮತ್ತೆ ಕೇಳಿದ. ಮಲಕಪ್ಪ ಹೇಳಿದ.

"ಆವತ್ತ ಫೋನಿನ್ಯಾಗ ಯಾಕ ಹೇಳಲಿಲ್ರಿ?"

"ಅಂಜಿದೆ."

ಹೊಡೆಯುತ್ತಾನೆಂದು ಮಲಕಪ್ಪ ಕಾದ. ಹೊಡೆದಿದ್ದರೆ ಹಗುರಾಗುತ್ತಿತ್ತು. ಬಿಡುವು ಮುಗಿದ ಗಂಟೆಯಾಗಿ ಜೊತೆಯವರು ಒಳಗೆ ಹೋದರು, ಹನುಮೇಶ ಹೋಗಲಿಲ್ಲ.

"ದೇವರಾಜನ ಅವ್ವ ವರ್ತೂರಾಗ ಅದಾಳ್ರಿ," ಎಂದ ಕೊನೆಗೆ. "ವರ್ಷಾ ಅಂವ ಸತ್ತ ದಿನ ಹೋಗಿ ಕೂಡ್ತೀನಿ. ನನಗ ಬರ್ತಿತ್ತು ಅವ್ವಾ, ಕೈ ಆಡ್ಲಿಲ್ಲ ಅಂತ ಆಕಿ ಮುಂದ ಹೇಳೀನಿ. ನಿಮ್ಮ ಸುಳ್ಳು ನನ್ನ ಬಾಯಿಲೆ ಆಕಿಗೆ ಮುಟ್ಟೇತ್ರಿ. ಐತಾರ ನೀವೂ ಬರ್ರಿ."

ಭಾನುವಾರ ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕೂತು ವರ್ತೂರಿಗೆ ಬಂದರು. ಕೆರೆಯ ವಾಸನೆ ಬೀದಿಯ ತುಂಬ ಇತ್ತು. ದೇವರಾಜನ ತಾಯಿ ಅಂಜಿನಮ್ಮ ಬಾಡಿಗೆ ಮನೆಗಳ ಸಾಲಿನ ಮುಂದೆ, ತನ್ನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗೇಟು ಸದ್ದಾದಾಗ ಕಣ್ಣು ಕಿರಿದು ಮಾಡಿ ನೋಡಿದಳು.

"ಈ ಸಲ ಬೇಗ ಬಂದ್ಬಿಟ್ಟೆಯಲ್ಲಪ್ಪ. ಇನ್ನೂ ಎಲ್ಡು ತಿಂಗ್ಳೈತೆ."

"ಇವರು ನಮ್ಮ ಉಸ್ತಾದ್ ಅವ್ವಾ," ಎಂದ ಹನುಮೇಶ. "ನನಗೂ ದೇವರಾಜಗೂ ಕಲಿಸಿದವರು. ನಿಮಗೊಂದು ಮಾತು ಹೇಳಬೇಕಂತ ಬಂದಾರ."

ಅವಳು ಮಲಕಪ್ಪನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನಮ್ಮುಡ್ಗ ಪೋನಲ್ಲಿ ನಿಮ್ಮ ಇಸ್ಯ ಏಳ್ತಿದ್ದ. ಕುಂತ್ಕಂಡು ಮಾತಾಡಿ," ಎಂದಳು. ಮಡಿಲಲ್ಲಿದ್ದ ಸಿಪ್ಪೆಯನ್ನು ಮೊರಕ್ಕೆ ಕೊಡವಿ ಮಂಡಿ ಹಿಡಿದು ಎದ್ದಳು. ಜಗಲಿಯ ಮೇಲೆ ಒಂದೇ ಕುರ್ಚಿ ಇತ್ತು. ಒಳಗೆ ಹೋಗಿ ಇನ್ನೊಂದನ್ನು ಎತ್ತಿಕೊಂಡು ಬಂದು, ಅದರ ಪಕ್ಕಕ್ಕಿಟ್ಟು, ಸೆರಗಿನಿಂದ ನಿಧಾನವಾಗಿ ಧೂಳು ಒರೆಸತೊಡಗಿದಳು.