ಸದ್ದು ಮುಗಿದ ಮೆಟ್ಟಿಲು

ಗೈಡು ಮೈಕನ್ನು ಬಾಯಿಗೆ ಒತ್ತಿ ಹಿಡಿದು ಮಾತಾಡುತ್ತಿದ್ದ. ಹದಿನೇಳನೇ ಮಗ್ಗದವಳಿಗೆ ಅವನ ಹಣೆ, ಮೂಗು, ತಲೆಯ ಮೇಲಿನ ಟೋಪಿ ಕಾಣುತ್ತಿದ್ದವೇ ಹೊರತು ತುಟಿ ಕಾಣುತ್ತಿರಲಿಲ್ಲ. ಬಸ್ಸಿನವರೆಲ್ಲ ಒಟ್ಟಿಗೆ ನಕ್ಕರು. ಅವಳೂ ನಕ್ಕಳು, ಚೂರು ತಡವಾಗಿ.

ಪಕ್ಕದಲ್ಲಿದ್ದ ಗಿಣಿ ಮೊಣಕೈಯಿಂದ ತಿವಿದು ಅವಳನ್ನು ತನ್ನ ಕಡೆ ತಿರುಗಿಸಿಕೊಂಡಳು. ಬಾಯಿ ಒಂದು ಗಳಿಗೆ ಸುಮ್ಮನಿರದ ಹದಿನೆಂಟನೇ ಮಗ್ಗದವಳಿಗೆ ಮಿಲ್ಲಿನವರು ಇಟ್ಟ ಹೆಸರು ಅದು. ಸ್ವರ ಹಾಕದೆ ಬರೀ ತುಟಿಯಲ್ಲಿ ಹೇಳಿದಳು: "ಅಲ್ಲಿ ಹೋದ್ಮೇಲೆ ತಾನು ಮೂಗ ಆಗ್ತಾನಂತೆ, ನಾವೆಲ್ಲ ಕಿವುಡರಾಗ್ತೀವಂತೆ. ನೀರಿನ ಸದ್ದು ಅಷ್ಟಿದೆಯಂತೆ. ಅದಕ್ಕೇ ಈಗಲೇ ಎಲ್ಲ ಒದರಿ ಮುಗಿಸ್ತಿದಾನೆ."

"ಅದರಲ್ಲಿ ನಗೋದೇನಿದೆ?"

"ನೀನೂ ನಕ್ಕೆಯಲ್ಲೇ."

ಮಿಲ್ಲಿನವರು ವರ್ಷಕ್ಕೊಂದು ದಿನ ಕೆಲಸಗಾರರನ್ನು ಪ್ರವಾಸಕ್ಕೆ ಕಳಿಸುತ್ತಿದ್ದರು. ಈ ಸಲ ಜಲಪಾತ. ಉಳಿದವರಿಗೆ ಅದೊಂದು ಹಬ್ಬವಾಗಿದ್ದರೆ ಅವಳಿಗೆ ತಲೆಯೊಳಗೆ ಸೋಮವಾರ ಕೂತಿತ್ತು. ಸೋಮವಾರ ಡಾಕ್ಟರು ಯಂತ್ರ ತಂದು ಷೆಡ್ಡಿನಲ್ಲಿರುವ ಪ್ರತಿಯೊಬ್ಬರ ಕಿವಿಯನ್ನೂ ಪರೀಕ್ಷೆ ಮಾಡುವವರಿದ್ದರು. ಹಿಂದಿನ ತಿಂಗಳು ಪಕ್ಕದ ಷೆಡ್ಡಿನಲ್ಲಿ ಒಬ್ಬಳು ಮಗ್ಗ ನಿಲ್ಲಿಸಲು ಊದಿದ ಸೈರನ್ ಕೇಳದೆ ಎರಡು ಬೆರಳು ಕಳೆದುಕೊಂಡಿದ್ದಳು. ಕಿವಿ ಸರಿಯಿಲ್ಲದವರು ಇನ್ನು ಮಗ್ಗದ ಹತ್ತಿರ ನಿಲ್ಲಕೂಡದು, ಅಂಗಳ ಗುಡಿಸಬೇಕು ಇಲ್ಲವೇ ಮನೆಗೆ ಹೋಗಬೇಕು ಎಂದು ಮೇಸ್ತ್ರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ. ಗುಡಿಸುವವಳ ಕೂಲಿಯಲ್ಲಿ ಮನೆ ನಡೆಯುವುದು ಸಾಧ್ಯವಿರಲಿಲ್ಲ. ಗಂಡ ಸೊಂಟ ಬಿದ್ದು ಮೂಲೆ ಹಿಡಿದು ಮೂರು ವರ್ಷವಾಗಿತ್ತು. ಮಗಳ ಓದು ಇನ್ನೂ ಎರಡು ವರ್ಷ ಬಾಕಿ.

ಷೆಡ್ಡಿನೊಳಗೆ ಕಿವಿ ಇದ್ದವರೂ ಒಂದೇ, ಇಲ್ಲದವರೂ ಒಂದೇ. ನೂರು ಮಗ್ಗಗಳ ಬಡಿತದಲ್ಲಿ ಗಂಟಲು ಹರಿದುಕೊಂಡರೂ ಉಪಯೋಗವಿಲ್ಲ. ಹಾಗಾಗಿ ಎಲ್ಲರೂ ತುಟಿಯಲ್ಲೇ ಮಾತಾಡಿ, ತುಟಿಯಲ್ಲೇ ಜಗಳವಾಡಿ, ತುಟಿಯಲ್ಲೇ ರಾಜಿಯಾಗುತ್ತಿದ್ದರು. ಕರೆಂಟು ಹೋಗಿ ಮಗ್ಗ ನಿಂತ ಮೇಲೂ ಯಾರಾದರೂ ಅಭ್ಯಾಸದಿಂದ ತುಟಿ ಆಡಿಸುತ್ತಿದ್ದರೆ ಪಕ್ಕದವರು ತಮ್ಮ ಗಂಟಲಿಗೆ ಎರಡು ಬೆರಳು ಮುಟ್ಟಿಸಿ ತೋರಿಸುತ್ತಿದ್ದರು. ಸ್ವರ ಹಾಕು ಎಂದು ಅದರರ್ಥ. ಅವಳಿಗೆ ಕಷ್ಟವೆಲ್ಲ ಗೇಟು ದಾಟಿದ ಮೇಲೆ. ಕುಕ್ಕರಿನ ಮುಂದೆ ನಿಂತು, ಹಬೆ ಮೇಲೇಳುವುದನ್ನು ನೋಡಿ ಕೂಗು ಎಣಿಸುವಳು. "ಕರೆದರೆ ತಿರುಗಿ ಕೂಡ ನೋಡಲ್ಲ, ದುಡಿಯೋ ಹೆಂಗಸಿಗೆ ಕೋಡು ಬಂದಿದೆ," ಎಂದು ಗಂಡ ಅನ್ನುತ್ತಿದ್ದನೆಂದು ಮಗಳು ಹೇಳಿದ್ದಳು. ಕೋಡು ಬಂದಿದೆ ಎಂದುಕೊಳ್ಳಲಿ ಎಂದು ಅವಳು ಬಿಟ್ಟಿದ್ದಳು. ನಿಜ ಗೊತ್ತಿದ್ದದ್ದು ಗಿಣಿಗೆ ಮಾತ್ರ.

ಬಸ್ಸು ನಿಂತಿತು. ಮುಂದಿನ ಸೀಟಿನಿಂದ ಮೇಸ್ತ್ರಿ ಇಳಿದ. ಯಾರೋ ಹಿಂದಿನಿಂದ ಏನೋ ಕೇಳಿ ಅವನ ತೋಳು ಮುಟ್ಟಿದರು. ತಿರುಗಿ ಗದರಿದ. ಆ ಮಾತು ತುಟಿ ನೋಡದೆಯೂ ಎಲ್ಲರಿಗೂ ಬಾಯಿಪಾಠವಾಗಿತ್ತು: "ಬೆನ್ನಿಗೆ ಮಾತಾಡಬೇಡ, ಎದುರಿಗೆ ಬಾ." ಮೂವತ್ತು ವರ್ಷದ ಹಿಂದೆ ತಾನೂ ಮಗ್ಗ ನಡೆಸಿದವನೆಂಬುದನ್ನು ಮರೆತ ಸೊಕ್ಕು ಅದು ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು.

ಮೆಟ್ಟಿಲಿಳಿದು ಕಟಕಟೆಯ ಹತ್ತಿರ ಬಂದಾಗ ನೀರು ಎದುರಿಗೇ ಇತ್ತು. ಐದು ಧಾರೆಗಳು ಕಪ್ಪು ಬಂಡೆಯ ತುದಿಯಿಂದ ಬಿದ್ದು ಅರ್ಧ ದಾರಿಯಲ್ಲೇ ಒಂದಾಗಿ, ಕೆಳಗೆ ಹೊಗೆಯಾಗುತ್ತಿದ್ದವು. ಅವಳಿಗೆ ಅದು ಎದೆಯಲ್ಲಿ ಕೇಳಿಸಿತು. ಅಂಗಾಲಿನ ಕೆಳಗೆ ಕಲ್ಲು ನಡುಗುತ್ತಿತ್ತು, ಷೆಡ್ಡಿನ ನೆಲದ ಹಾಗೆ. ಬೇರೆ ಬಸ್ಸಿನವರು ಒಬ್ಬರ ಕಿವಿಗೊಬ್ಬರು ಬಾಯಿ ಇಟ್ಟು ಕೂಗಿ, ಸೋತು ಸುಮ್ಮನಾದರು. ಮಗ್ಗದವರು ಮಾತ್ರ ಹತ್ತು ಮಾರು ದೂರದಿಂದಲೇ ಹರಟುತ್ತಿದ್ದರು. ಗೈಡು ಮೈಕು ಕಂಕುಳಲ್ಲಿ ಸಿಕ್ಕಿಸಿಕೊಂಡು ಇವರನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ.

ಮೇಸ್ತ್ರಿ ಅವಳ ಪಕ್ಕ ಬಂದು ನಿಂತ. ಮುಖದ ತುಂಬ ತುಂತುರು. ಅವನನ್ನು ಅಷ್ಟು ಹಗುರಾಗಿ ಅವಳು ಎಂದೂ ಕಂಡಿರಲಿಲ್ಲ.

"ಹೆಂಗಿದೆ, ಹದಿನೇಳು?" ಅವನ ತುಟಿ ಕೇಳಿತು.

"ಷೆಡ್ಡಿನ ಹಾಗೇ ಇದೆ. ಧೂಳಿಲ್ಲ ಅಷ್ಟೇ."

ಅವನು ನಕ್ಕ. ಬಸ್ಸಿಗೆ ಹೊತ್ತಾಯಿತೆಂದು ಎಲ್ಲರೂ ಹತ್ತತೊಡಗಿದಾಗ ಇಬ್ಬರೂ ಜೊತೆಯಲ್ಲೇ ಹೊರಟರು. ಅವಳು ಒಂದು ಮೆಟ್ಟಿಲು ಮುಂದೆ, ಅವನ ಮುಖ ಕಾಣುವ ಹಾಗೆ ಓರೆಯಾಗಿ ಹತ್ತುತ್ತಿದ್ದಳು. ಇಂಥ ಗಳಿಗೆ ಮತ್ತೆ ಸಿಗುವುದಿಲ್ಲ ಅನ್ನಿಸಿತು.

"ಮೇಸ್ತ್ರೀ, ಸೋಮವಾರ ನನಗೆ ರಜೆ ಬೇಕು."

ಅವನು ನಾಲ್ಕು ಮೆಟ್ಟಿಲು ಹತ್ತಿದ. ಆಮೇಲೆ ಅವನ ತುಟಿ ಆಡಿತು. "ಸೋಮವಾರ ತಪ್ಪಿಸಿಕೊಂಡ್ರೆ ಮಂಗಳವಾರ ಕರೀತಾರೆ. ಎಷ್ಟು ದಿನ ಅಂತ ಓಡ್ತೀಯ?"

"ಕೆಲಸ ಒಂದು ದಿನಾನೂ ಕೆಟ್ಟಿಲ್ಲ. ನನ್ನ ಬಟ್ಟೇಲಿ ಒಂದು ಎಳೆ ತಪ್ಪಿದ್ದು ತೋರಿಸಿ."

"ಎಳೆ ಯಾರು ನೋಡ್ತಾರೆ? ಡಾಕ್ಟರ ಡಬ್ಬಿ ಕೂಗಿದಾಗ ಕೈ ಎತ್ತಬೇಕು, ಅಷ್ಟೇ ಅವರಿಗೆ..."

ಭುಜದ ಮೇಲೆ ಕೈ ಬಿತ್ತು. ಮೇಲೆ ಹೋಗಿದ್ದ ಗಿಣಿ ಇಳಿದು ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು. ಎರಡು ಬೆರಳನ್ನು ಗಂಟಲಿಗೆ ಮುಟ್ಟಿಸಿದಳು, ತೆಗೆದಳು, ಮತ್ತೆ ಮುಟ್ಟಿಸಿದಳು.

ಅವಳು ಮೆಟ್ಟಿಲ ಪಕ್ಕದ ಕಂಬಿ ಹಿಡಿದು ನೋಡಿದಳು. ಕಂಬಿ ನಡುಗುತ್ತಿರಲಿಲ್ಲ. ದಾರಿ ಬಂಡೆಯನ್ನು ಬಳಸಿ ತಿರುಗಿತ್ತು, ನೀರು ಕಾಣುತ್ತಿರಲಿಲ್ಲ. ಮೇಲಿನ ಮೆಟ್ಟಿಲುಗಳಲ್ಲಿ ಮಿಲ್ಲಿನವರು ನಿಂತುಬಿಟ್ಟು ಇತ್ತಲೇ ನೋಡುತ್ತಿದ್ದರು. ಸದ್ದು ಯಾವಾಗ ಮುಗಿಯಿತೋ ಅವಳಿಗೆ ಗೊತ್ತಾಗಿರಲಿಲ್ಲ. ಎಷ್ಟು ಮೆಟ್ಟಿಲು ಹೀಗೇ ಸ್ವರವಿಲ್ಲದೆ ಬಾಯಿ ಆಡಿಸುತ್ತ ಬಂದಳೋ. ಅದೂ ಮೇಸ್ತ್ರಿಯ ಎದುರಿಗೆ.

ಅವಳು ಅವನ ಕಡೆ ತಿರುಗಿದಳು. ಅವನ ತುಟಿ ಇನ್ನೂ ಆಡುತ್ತಿತ್ತು. ಅವನ ಬೆನ್ನ ಹಿಂದೆ, ಮೂರು ಮೆಟ್ಟಿಲು ಕೆಳಗೆ, ಗೈಡು ಬಾಯಿಯ ಎರಡೂ ಬದಿಗೆ ಕೈ ಹಿಡಿದು, ಕತ್ತಿನ ನರ ಉಬ್ಬುವಂತೆ ಕೂಗುತ್ತಿದ್ದ. ಆಚೆ ಹೋಗುತ್ತಿದ್ದ ಗೊತ್ತಿಲ್ಲದ ಜನವೂ ಕತ್ತು ಹೊರಳಿಸಿ ನೋಡಿದರು. ಮೇಸ್ತ್ರಿ ನೋಡಲಿಲ್ಲ.

ಗಿಣಿ ತನ್ನ ಗಂಟಲಿಗೆ ಮುಟ್ಟಿಸಿದ ಕೈ ಅಲ್ಲೇ ನಿಂತುಬಿಟ್ಟಿತ್ತು.

ಹದಿನೇಳನೇ ಮಗ್ಗದವಳು ಎರಡು ಬೆರಳೆತ್ತಿ ತನ್ನ ಗಂಟಲಿಗೆ ಮುಟ್ಟಿಸಿದಳು. ಮೇಸ್ತ್ರಿಯ ತುಟಿ ಅರ್ಧ ಮಾತಿಗೇ ನಿಂತಿತು. ಅವನ ಕಣ್ಣು ಗಿಣಿಯ ಮೇಲೆ, ಮೇಲೆ ನಿಂತವರ ಮೇಲೆ, ಕೊನೆಗೆ ಅವಳ ಮೇಲೆ ಬಂತು. ಕೈ ತಾನಾಗಿಯೇ ಅಂಗಿಯ ಕೊರಳಿಗೆ ಹೋಗಿ, ಹಾಕಿಯೇ ಇದ್ದ ಗುಂಡಿಯನ್ನು ಹುಡುಕಿತು.

"ನಿನಗೆ ಎಷ್ಟು ದಿನದಿಂದ?" ತುಟಿಯಲ್ಲೇ ಕೇಳಿದ.

"ಎರಡು ವರ್ಷ. ನಿಮಗೆ?"

ಅವನ ಮೀಸೆಯ ತುದಿಯಿಂದ ಒಂದು ಹನಿ ಇಳಿದು ಅಂಗಿಯ ಮೇಲೆ ಬಿತ್ತು.

"ಹಿಂದೆ ಗೈಡು ಕರೀತಿದಾನೆ," ಎಂದಳು, ನಿಧಾನವಾಗಿ, ಒಂದೊಂದೇ ಅಕ್ಷರ ಕಾಣುವ ಹಾಗೆ.

ಮೇಸ್ತ್ರಿ ಗೈಡಿನ ಕಡೆ ತಿರುಗಿದ. ಅವನ ಮುಖ ಮತ್ತೆ ಕಾಣುವವರೆಗೆ ಅವಳು ಕಂಬಿ ಹಿಡಿದುಕೊಂಡು ಮೇಲಿನ ಮೆಟ್ಟಿಲಲ್ಲಿ ಕಾದಳು.